ಸದ್ದಾಂನನ್ನು ಅಪ್ಪಿಕೊಂಡದ್ದು ಸರಿಯೇ? ಪರ–ವಿರೋಧ

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತ್‌ಗೆ ನುಗ್ಗಿತು. ಅದೇ ತಿಂಗಳು ನಮ್ಮ ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಬಾಗ್ದಾದ್‌ಗೆ ಹೋಗಿ ಸದ್ದಾಂ ಹುಸೇನ್‌ನನ್ನು ಕಂಡರು. ಇಬ್ಬರೂ ಅಪ್ಪಿಕೊಂಡ ಫೋಟೋ ದೇಶ ವಿದೇಶದ ಪತ್ರಿಕೆಗಳಲ್ಲಿ ಬಂತು. ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ 1 ಲಕ್ಷ 70 ಸಾವಿರಕ್ಕೂ ಹೆಚ್ಚು ಭಾರತೀಯರು ಏರ್ ಇಂಡಿಯಾ ವಿಮಾನಗಳಲ್ಲಿ ಊರಿಗೆ ಬಂದರು. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು, ಕಾಞಂಗಾಡಿನ ಮನೆಗಳವರೂ ಅವರಲ್ಲಿ ಇದ್ದರು. ಆ ಅಪ್ಪುಗೆಯ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಉಕ್ರೇನ್ ಯುದ್ಧ ಶುರುವಾದ ಮೇಲೆ ಮತ್ತೆ ಎದ್ದಿದೆ.

ಇಲ್ಲಿ ಇಬ್ಬರು ಬರೆದಿದ್ದಾರೆ. ಮೊದಲನೆಯವರು ಮಂಜೇಶ್ವರ ಕಡೆಯ ನಿವೃತ್ತ ಮಾಷ್ಟ್ರು. ಎರಡನೆಯವರು ಅವರ ಹಳೆಯ ವಿದ್ಯಾರ್ಥಿನಿ, ಈಗ ಕಾಸರಗೋಡಿನಲ್ಲಿ ವಕೀಲಿ ಮಾಡುತ್ತಾರೆ.

ಪರ: ಮೊದಲು ನಮ್ಮವರು ಮನೆಗೆ ಬರಲಿ

ಸದ್ದಾಂ ಒಳ್ಳೆಯವನು ಅಂತ ವಾದ ಮಾಡಲು ನಾನು ಕೂತಿಲ್ಲ. ಅವನು ಅಧ್ಯಕ್ಷನಾದದ್ದು 1979ರಲ್ಲಿ. ಮರುವರ್ಷ ಸೆಪ್ಟೆಂಬರಿನಲ್ಲಿ ಇರಾನ್ ಮೇಲೆ ಬಿದ್ದ. ಅಲ್ಲಿ ಆಗಷ್ಟೇ ಕ್ರಾಂತಿಯಾಗಿತ್ತು, ಸೈನ್ಯ ಚೆಲ್ಲಾಪಿಲ್ಲಿಯಾಗಿತ್ತು, ಬೇಗ ಗೆದ್ದುಬಿಡಬಹುದು ಅನ್ನುವ ಲೆಕ್ಕ. ಯುದ್ಧ ಎಂಟು ವರ್ಷ ಎಳೆಯಿತು. ಎರಡೂ ಕಡೆ ಸೇರಿ ಲಕ್ಷಗಟ್ಟಲೆ ಜನ ಸತ್ತರು. ಗಡಿ ಮಾತ್ರ ಮೊದಲು ಇದ್ದಲ್ಲೇ ಉಳಿಯಿತು.

ಆ ಯುದ್ಧಕ್ಕೆ ಹಣ ಕೊಟ್ಟವರು ಯಾರು? ಸೌದಿ ಅರೇಬಿಯಾ ಮತ್ತು ಇದೇ ಕುವೈತ್. ಇರಾನಿನ ಕ್ರಾಂತಿ ತಮ್ಮ ಮನೆಗೂ ಬಂದೀತು ಅನ್ನುವ ಹೆದರಿಕೆಯಿಂದ ಸಾವಿರಾರು ಕೋಟಿ ಡಾಲರ್ ಸುರಿದರು. ಯುದ್ಧ ಮುಗಿದ ಮೇಲೆ ಕುವೈತ್ ಸಾಲ ಮನ್ನಾ ಮಾಡಲು ಒಪ್ಪಲಿಲ್ಲ. ಸದ್ದಾಂನ ದೂರು ಬೇರೆ: ಕುವೈತ್ ತನ್ನ ಪಾಲಿಗಿಂತ ಜಾಸ್ತಿ ಎಣ್ಣೆ ತೆಗೆದು ಬೆಲೆ ಇಳಿಸುತ್ತಿದೆ, ಗಡಿಯ ರುಮೈಲಾ ಬಾವಿಗಳಲ್ಲಿ ನಮ್ಮ ಎಣ್ಣೆ ಕದಿಯುತ್ತಿದೆ ಅಂತ. ಕೊನೆಗೆ ಸಾಲ ಕೊಟ್ಟವನ ದೇಶವನ್ನೇ ನುಂಗಿ, ಆಗಸ್ಟ್ 28ರಂದು ಅದು ಇರಾಕಿನ 19ನೇ ಪ್ರಾಂತ್ಯ ಅಂತ ಸಾರಿದ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ ಅನ್ನುತ್ತಾರಲ್ಲ, ಅದೇ.

ಇದೆಲ್ಲ ನನಗೆ ಗೊತ್ತು. ಈಗ ನಮ್ಮ ಕಡೆಗೆ ಬನ್ನಿ.

ಆಗ ನಮ್ಮ ಶಾಲೆಯಲ್ಲಿ ಅಪ್ಪ ಗಲ್ಫ್‌ನಲ್ಲಿದ್ದ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದರು. ಅಪ್ಪ ಅಂದರೆ ತಿಂಗಳಿಗೊಂದು ಡ್ರಾಫ್ಟ್, ಎರಡು ವರ್ಷಕ್ಕೊಮ್ಮೆ ಬರುವ ಪೆಟ್ಟಿಗೆ. ಅವರು ಅಲ್ಲಿ ಮಾಡುತ್ತಿದ್ದ ಕೆಲಸ ಡ್ರೈವರಿನದ್ದು, ಹೋಟೆಲಿನದ್ದು, ಗಾರೆಯದ್ದು, ಅಂಗಡಿಯದ್ದು. ಹೋಗುವಾಗಲೇ ವೀಸಾಕ್ಕೆ ಸಾಲ ಮಾಡಿ, ಹೆಂಡತಿಯ ಚಿನ್ನ ಅಡವಿಟ್ಟು ಹೋದವರು. ಆಗಸ್ಟ್ 2ರ ನಂತರ ಅವರಿಂದ ಸುದ್ದಿಯೇ ಇಲ್ಲ. ಕಾಗದವೂ ಇಲ್ಲ, ಫೋನೂ ಇಲ್ಲ. ಮನೆಯವರು ರೇಡಿಯೋ ಮುಂದೆ ಕೂತರು. ಸಂಜೆ ಪೇಟೆಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ, "ಮಾಷ್ಟ್ರೇ, ಪೇಪರಿನಲ್ಲಿ ಏನಾದರೂ ಉಂಟಾ?"

ಅಲ್ಲಿ ಬ್ಯಾಂಕು ಮುಚ್ಚಿತ್ತು. ಕುವೈತಿ ದಿನಾರ್ ಜಗತ್ತಿನ ಬೆಲೆಬಾಳುವ ನೋಟುಗಳಲ್ಲಿ ಒಂದಾಗಿತ್ತು. ಇರಾಕಿ ದಿನಾರಿಗೂ ಅದಕ್ಕೂ ಒಂದೇ ಬೆಲೆ ಅಂತ ಸದ್ದಾಂ ಹುಕುಂ ಮಾಡಿದ. ಆಮೇಲೆ ಆ ನೋಟು ಚಲಾವಣೆಯಲ್ಲೇ ಇಲ್ಲ ಅಂದ. ವರ್ಷಗಟ್ಟಲೆ ಬಿಸಿಲಲ್ಲಿ ದುಡಿದು ಉಳಿಸಿದ್ದು ಒಂದು ಆದೇಶದಲ್ಲಿ ಕಾಗದವಾಯಿತು. ಪಾಶ್ಚಾತ್ಯ ದೇಶಗಳ ಪ್ರಜೆಗಳನ್ನು ಹಿಡಿದು, 'ಅತಿಥಿಗಳು' ಅಂತ ಹೆಸರಿಟ್ಟು, ಬಾಂಬು ಬೀಳಬಹುದಾದ ಜಾಗಗಳಲ್ಲಿ ಕೂರಿಸಿದರು. ನಾಳೆ ನಮ್ಮವರನ್ನೂ ಹಾಗೆ ಕೂರಿಸುವುದಿಲ್ಲ ಅಂತ ಯಾರು ಗ್ಯಾರಂಟಿ ಕೊಡುತ್ತಿದ್ದರು?

ದೆಹಲಿಯ ಕೈಯಲ್ಲಿ ಏನಿತ್ತು? ಅಲ್ಲಿ ನಮ್ಮ ಸೈನ್ಯ ಇರಲಿಲ್ಲ. ಅಮೆರಿಕದ ಹಾಗೆ ವಿಮಾನವಾಹಕ ಹಡಗು ತಂದು ನಿಲ್ಲಿಸುವ ಸ್ಥಿತಿಯೂ ಇರಲಿಲ್ಲ. ವಿ.ಪಿ. ಸಿಂಗ್ ಸರಕಾರವೇ ಅಲುಗಾಡುತ್ತಿತ್ತು. ಇದ್ದದ್ದು ಒಂದು ಹಳೆಯ ಪರಿಚಯ ಮಾತ್ರ. ಇರಾಕ್ ನಮಗೆ ಎಣ್ಣೆ ಕೊಡುತ್ತಿತ್ತು, ಕಾಶ್ಮೀರದ ವಿಷಯದಲ್ಲಿ ನಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತಿರಲಿಲ್ಲ, ನಮ್ಮ ಕಂಪೆನಿಗಳು ಅಲ್ಲಿ ಕಟ್ಟಡ ಕಟ್ಟುತ್ತಿದ್ದವು. ಗುಜ್ರಾಲ್ ಆ ಪರಿಚಯವನ್ನು ಬಳಸಿದರು. ಕೈ ಮುಗಿದರೆ ಗಂಟೇನು ಹೋಗುತ್ತದೆ? ಬಾಗ್ದಾದ್ ಮಾತ್ರವಲ್ಲ, ಕುವೈತ್‌ಗೂ ಹೋಗಿ ನಮ್ಮ ಜನರನ್ನು ಕಂಡು ಬಂದರು. ಆಗ ಅಲ್ಲಿಗೆ ಕಾಲಿಟ್ಟ ವಿದೇಶಾಂಗ ಸಚಿವರು ಎಷ್ಟು ಮಂದಿ ಹೇಳಿ ನೋಡೋಣ.

ದಾರಿ ಸುಲಭದ್ದೇನೂ ಆಗಿರಲಿಲ್ಲ. ಕುವೈತ್‌ನಿಂದ ಬಸ್ರಾ, ಬಸ್ರಾದಿಂದ ಬಾಗ್ದಾದ್, ಅಲ್ಲಿಂದ ಮರುಭೂಮಿ ದಾಟಿ ಜೋರ್ಡಾನ್ ಗಡಿ. ಬಸ್ಸಿಗೆ ಕೇಳಿದಷ್ಟು ಕೊಡಬೇಕು. ಗಡಿಯಲ್ಲಿ ಡೇರೆಗಳು, ನೀರಿಗೆ ಸಾಲು, ಹಗಲು ಉರಿ, ರಾತ್ರಿ ಚಳಿ. ಆಮೇಲೆ ಅಮ್ಮಾನ್. ಅಲ್ಲಿಂದ ಬೊಂಬಾಯಿಗೆ ವಿಮಾನ. ಸುಮಾರು 500 ವಿಮಾನ ಪ್ರಯಾಣಗಳು ನಡೆದವು. ನಾಗರಿಕ ವಿಮಾನಗಳು ಇಷ್ಟು ಜನರನ್ನು ಸಾಗಿಸಿದ್ದು ಅದಕ್ಕೆ ಮೊದಲು ಎಲ್ಲೂ ಇರಲಿಲ್ಲ. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಹಾಗಾಗಿ ಬೊಂಬಾಯಿಗೆ ಬಂದವರು ಘಟ್ಟ ಹೊಳೆ ದಾಟಿಕೊಂಡು ಬಸ್ಸಿನಲ್ಲೇ ಮಂಗಳೂರಿಗೆ, ಅಲ್ಲಿಂದ ತಲಪಾಡಿ ದಾಟಿ ಊರಿಗೆ ಬರಬೇಕಿತ್ತು. ಕೈಯಲ್ಲೊಂದು ಚೀಲ, ಅಷ್ಟೇ. ಆದರೂ ಬಂದರು.

"ತತ್ವ ಎಲ್ಲಿ ಹೋಯಿತು" ಅಂತ ಕೇಳುವವರಿಗೆ ಎರಡು ಉದಾಹರಣೆ ಕೊಡುತ್ತೇನೆ. ಇರಾಕನ್ನು ಕುವೈತ್‌ನಿಂದ ಓಡಿಸುವ ಯುದ್ಧಕ್ಕೆ ಒಪ್ಪಿಗೆ ಕೊಡುವ 678ನೇ ಗೊತ್ತುವಳಿ ನವೆಂಬರ್ 29ರಂದು ಭದ್ರತಾ ಮಂಡಳಿಗೆ ಬಂದಾಗ ಯೆಮೆನ್ ವಿರುದ್ಧ ಮತ ಹಾಕಿತು. ಅಷ್ಟರೊಳಗೆ ಸೌದಿ ಸರಕಾರ ಯೆಮೆನಿಗಳಿಗೆ ಇದ್ದ ಸವಲತ್ತು ಕಿತ್ತುಕೊಂಡಿತ್ತು. ಲಕ್ಷಗಟ್ಟಲೆ ಕೂಲಿಗಳು ಗಂಟುಮೂಟೆ ಕಟ್ಟಿದರು. ಪ್ಯಾಲೆಸ್ತೀನ್ ನಾಯಕರು ಸದ್ದಾಂ ಪರ ವಾಲಿದರು. ಕುವೈತ್‌ನಲ್ಲಿ ನಾಲ್ಕು ಲಕ್ಷದಷ್ಟಿದ್ದ ಪ್ಯಾಲೆಸ್ತೀನಿಯರಲ್ಲಿ ಬಹುಪಾಲು ಜನ ಆ ನೆಲ ಬಿಡಬೇಕಾಯಿತು. ದೊಡ್ಡವರು ವೇದಿಕೆಯಲ್ಲಿ ಆಡಿದ ಮಾತಿಗೆ ಬೆಲೆ ತೆತ್ತವರು ಕೂಲಿಗಳು. ಭಾರತ ಆ ಕಡೆಗೂ ವಾಲಲಿಲ್ಲ, ಈ ಕಡೆಗೂ ಕೂಗಲಿಲ್ಲ. ಕುವೈತ್ ಇರಾಕಿನದ್ದು ಅಂತ ಒಪ್ಪಲೂ ಇಲ್ಲ, ವಿಶ್ವಸಂಸ್ಥೆಯ ದಿಗ್ಬಂಧನ ಮೀರಲೂ ಇಲ್ಲ. ಪರಿಣಾಮ ಏನು? ಕುವೈತ್ ಬಿಡುಗಡೆಯಾದ ಮೇಲೆ ನಮ್ಮವರು ಮತ್ತೆ ಹೋದರು. ಇವತ್ತು ಅಲ್ಲಿ ಸುಮಾರು 10 ಲಕ್ಷ ಭಾರತೀಯರಿದ್ದಾರೆ, ಹೊರಗಿನವರಲ್ಲಿ ಅವರೇ ಜಾಸ್ತಿ. 2024ರ ಜೂನ್‌ನಲ್ಲಿ ಮಂಗಾಫ್‌ನ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಸತ್ತವರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ಕುವೈತ್ ನಮಗೆ ವಿದೇಶವೇ ಅಲ್ಲ.

ಇನ್ನೊಂದು ಮಾತು. ಗುಜ್ರಾಲರನ್ನು ಹಂಗಿಸಿದವರು ಯಾರು ಅಂತಲೂ ನೋಡಿ. 1983ರ ಡಿಸೆಂಬರಿನಲ್ಲಿ ಡೊನಾಲ್ಡ್ ರಮ್ಸ್‌ಫೆಲ್ಡ್ ಅಮೆರಿಕದ ದೂತರಾಗಿ ಬಾಗ್ದಾದ್‌ಗೆ ಹೋಗಿ ಇದೇ ಸದ್ದಾಂನ ಕೈ ಕುಲುಕಿದ್ದರು. ಇರಾನಿನ ಸೈನಿಕರ ಮೇಲೆ ವಿಷಾನಿಲ ಬಿಡುವುದು ಆಗಲೇ ಶುರುವಾಗಿತ್ತು. ಅವರು ಕುಲುಕಿದ ಕೈಯಿಂದ ಯಾವ ಕೂಲಿಗೂ ವಿಮಾನ ಸಿಗಲಿಲ್ಲ. ಗುಜ್ರಾಲರ ಅಪ್ಪುಗೆಯಿಂದ ಸಿಕ್ಕಿತು. ಅವರ ಜಾಗದಲ್ಲಿ ನಾನಿದ್ದರೆ ಎರಡು ಸಲ ಅಪ್ಪಿಕೊಳ್ಳುತ್ತಿದ್ದೆ.

ವಿರೋಧ: ಬಸ್ಸು ಹೊರಟದ್ದು ಅಪ್ಪುಗೆಯಿಂದ ಅಲ್ಲ

ಮಾಷ್ಟ್ರೇ, ನೀವು ಎರಡು ಸಲ ಅಪ್ಪಿಕೊಂಡರೆ ನನ್ನ ತಕರಾರಿಲ್ಲ. ನೀವು ದೇಶದ ವಿದೇಶಾಂಗ ಸಚಿವರಲ್ಲ.

ನೀವು ಕೇಳಿದ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಮ್ಮವರು ಬಂದದ್ದು ಅಪ್ಪುಗೆಯಿಂದ ಅಂತ ನೀವು ಹೇಳುತ್ತೀರಿ. ಹಾಗಾದರೆ ಈಜಿಪ್ಟಿನವರು ಹೇಗೆ ಹೋದರು? ಈಜಿಪ್ಟ್ ಸದ್ದಾಂ ವಿರುದ್ಧ ಸೌದಿಗೆ ಸೈನ್ಯವನ್ನೇ ಕಳುಹಿಸಿತ್ತು. ಇರಾಕ್ ಮತ್ತು ಕುವೈತ್‌ನಲ್ಲಿದ್ದ ಅವರ ಜನ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಜೋರ್ಡಾನ್ ಮೂಲಕವೇ ಮನೆ ಸೇರಿದರು. ಬಾಂಗ್ಲಾದೇಶವೂ ಸೌದಿಗೆ ಸೈನಿಕರನ್ನು ಕಳುಹಿಸಿತು. ಅವರ ಕೂಲಿಗಳೂ ಬಂದರು. ಶ್ರೀಲಂಕಾ, ಫಿಲಿಪೀನ್ಸ್ ಜನರೂ ಬಂದರು. ನಮ್ಮವರು ಮಲಗಿದ ಅದೇ ಡೇರೆಗಳಲ್ಲಿ ಇವರೂ ಮಲಗಿದ್ದರು. ಇವರೆಲ್ಲ ಬಂದದ್ದು ಯಾವ ಅಪ್ಪುಗೆಯ ಫೋಟೋದಿಂದಲೂ ಅಲ್ಲ.

ಸದ್ದಾಂ ಏಷ್ಯಾದ ಕೂಲಿಗಳನ್ನು ಬಿಟ್ಟದ್ದು ಯಾಕೆ ಅಂತ ಲೆಕ್ಕ ಹಾಕುವುದು ಕಷ್ಟವಲ್ಲ. ಆಗಸ್ಟ್ 6ಕ್ಕೇ ವಿಶ್ವಸಂಸ್ಥೆ ದಿಗ್ಬಂಧನ ಹಾಕಿತ್ತು. ಹೊರಗಿನಿಂದ ಅಕ್ಕಿ ಗೋಧಿ ಬರುವುದು ನಿಂತಿತ್ತು. ಲಕ್ಷಗಟ್ಟಲೆ ಬಾಯಿಗಳು ಅವನಿಗೆ ಭಾರ. ಅಮೆರಿಕನ್ನರನ್ನು, ಬ್ರಿಟಿಷರನ್ನು ಹಿಡಿದಿಟ್ಟರೆ ಬಾಂಬು ತಪ್ಪಬಹುದು ಅನ್ನುವ ಆಸೆಯಿತ್ತು. ಗಾರೆ ಕೆಲಸದವರನ್ನು ಹಿಡಿದಿಟ್ಟು ಏನು ಮಾಡುತ್ತಾನೆ? ಅವರನ್ನು ಬಿಟ್ಟದ್ದು ಔದಾರ್ಯದಿಂದ ಅಲ್ಲ, ಅವರು ಅವನಿಗೆ ಬೇಡವಾಗಿದ್ದರು.

ನಿಜವಾಗಿ ಕೆಲಸ ಮಾಡಿದವರು ಬೇರೆ. ಕುವೈತ್‌ನಲ್ಲಿ ಬೀದಿ ಬೀದಿ ತಿರುಗಿ ಹೆಸರು ಬರೆದು, ಬಸ್ಸು ಗೊತ್ತು ಮಾಡಿ, ಶಾಲೆಗಳಲ್ಲಿ ಊಟ ಹಾಕಿದ ಅಲ್ಲಿನ ಭಾರತೀಯರೇ. ಗಡಿ ತೆರೆದಿಟ್ಟ ಜೋರ್ಡಾನ್, ಅದೂ ತಾನೇ ಬಡ ದೇಶವಾಗಿದ್ದಾಗ. ಅಮ್ಮಾನ್‌ನಲ್ಲಿ ಕಾಗದಪತ್ರ ಮಾಡಿಕೊಟ್ಟ ನಮ್ಮ ಅಧಿಕಾರಿಗಳು. ಹಗಲು ರಾತ್ರಿ ಹಾರಿದ ಪೈಲಟ್‌ಗಳು. ಆ ಒಂದು ಫೋಟೋದ ಕತೆಯನ್ನೇ ಹೇಳಿ ಹೇಳಿ ಇವರನ್ನೆಲ್ಲ ನಾವು ಹಿಂದಿನ ಸಾಲಿಗೆ ತಳ್ಳಿದ್ದೇವೆ.

ಈಗ ಆ ಅಪ್ಪುಗೆಗೆ ಕೊಟ್ಟ ಬೆಲೆ. ಆಗಸ್ಟ್ ಕೊನೆಯೊಳಗೆ ಕುವೈತ್‌ನಲ್ಲಿರುವ ರಾಯಭಾರ ಕಚೇರಿಗಳನ್ನೆಲ್ಲ ಮುಚ್ಚಿ ಅಂತ ಇರಾಕ್ ಆಜ್ಞೆ ಮಾಡಿತು. ಕುವೈತ್ ಅನ್ನುವ ದೇಶವೇ ಇಲ್ಲ ಅಂದ ಮೇಲೆ ಅಲ್ಲಿ ರಾಯಭಾರಿ ಯಾಕೆ ಅನ್ನುವ ತರ್ಕ. ಕೆಲವು ದೇಶಗಳು ಆಗುವುದಿಲ್ಲ ಅಂದವು. ನೀರು, ಕರೆಂಟು ಕಡಿದರೂ ಕೆಲವು ರಾಯಭಾರಿಗಳು ತಿಂಗಳುಗಟ್ಟಲೆ ಒಳಗೇ ಕೂತರು. ನಾವು ಕಚೇರಿಯನ್ನು ಬಸ್ರಾಕ್ಕೆ ಸಾಗಿಸಿದೆವು. ನೀವು ಹೇಳಿದ ಹಾಗೆ ಕಾಗದದಲ್ಲಿ ನಾವು ಆಕ್ರಮಣವನ್ನು ಒಪ್ಪಿರಲಿಲ್ಲ. ಆದರೆ ಮನೆ ಕಳೆದುಕೊಂಡ ಕುವೈತಿಗೆ ಕಾಣಿಸಿದ್ದು ಬೀಗ ಹಾಕಿದ ನಮ್ಮ ಕಚೇರಿ, ಮತ್ತು ಆ ಫೋಟೋ.

ಅವರ ಏಳು ತಿಂಗಳ ಬಗ್ಗೆ ನಿಮ್ಮ ಬರಹದಲ್ಲಿ ಒಂದು ಸಾಲೂ ಇಲ್ಲ, ಮಾಷ್ಟ್ರೇ. ಸುಮಾರು 600 ಮಂದಿಯನ್ನು ಹಿಡಿದುಕೊಂಡು ಹೋದರು. ಅವರು ಏನಾದರು ಅಂತ 2003ರವರೆಗೂ ಮನೆಯವರಿಗೆ ತಿಳಿಯಲಿಲ್ಲ. ಸದ್ದಾಂ ಬಿದ್ದ ಮೇಲೆ ಇರಾಕಿನ ಮರಳಲ್ಲಿ ಗುಂಡಿಗಳನ್ನು ಅಗೆದಾಗ ಕೆಲವರ ಮೂಳೆ ಸಿಕ್ಕಿತು. ಸೋತು ಓಡುವಾಗ ಇರಾಕಿ ಸೈನಿಕರು 600ಕ್ಕೂ ಹೆಚ್ಚು ಎಣ್ಣೆ ಬಾವಿಗಳಿಗೆ ಬೆಂಕಿ ಕೊಟ್ಟರು. ಕೊನೆಯ ಬಾವಿ ಆರಿದ್ದು 1991ರ ನವೆಂಬರಿನಲ್ಲಿ. ನಮ್ಮ ಜನ ಉಂಡ ನೆಲ ಅದು.

ರಮ್ಸ್‌ಫೆಲ್ಡ್ ಕೈ ಕುಲುಕಿದ ಮಾತು ಬಂತಲ್ಲ. ನೀವು ಅದನ್ನು ಗುಜ್ರಾಲರ ಪರ ಸಾಕ್ಷಿಯಾಗಿ ತಂದಿರಿ. ನಾನು ಅದನ್ನೇ ಆರೋಪಪಟ್ಟಿಗೆ ಸೇರಿಸುತ್ತೇನೆ. 1980ರಲ್ಲಿ ಸದ್ದಾಂ ಇರಾನಿಗೆ ನುಗ್ಗಿದಾಗ ಜಗತ್ತು ಸುಮ್ಮನಿತ್ತು. 1988ರ ಮಾರ್ಚ್ 16ರಂದು ತನ್ನದೇ ದೇಶದ ಹಲಬ್ಜಾ ಪಟ್ಟಣದ ಕುರ್ದರ ಮೇಲೆ ವಿಷಾನಿಲ ಬಿಟ್ಟ. ಸತ್ತವರು 5,000ದವರೆಗೂ ಅಂತ ಅಂದಾಜು. ಅದರಲ್ಲಿ ಹೆಂಗಸರು, ಮಕ್ಕಳೇ ಜಾಸ್ತಿ. ಆಗಲೂ ಅಮೆರಿಕ ಅವನ ಬೆನ್ನಿಗಿತ್ತು, ಕುವೈತ್ ಅವನ ಬೆನ್ನಿಗಿತ್ತು, ನಾವು ಅವನಿಂದ ಎಣ್ಣೆ ಕೊಳ್ಳುತ್ತಿದ್ದೆವು. 1988ರಲ್ಲಿ ಗದರಿದ್ದರೆ 1990 ಆಗುತ್ತಲೇ ಇರಲಿಲ್ಲ ಅಂತ ನಾನು ಆಣೆ ಮಾಡಲಾರೆ. ಕೇಳುವವರು ಯಾರೂ ಇಲ್ಲ ಅಂತ ಅವನಿಗೆ ಕಲಿಸಿದ್ದು ಮಾತ್ರ ಆ ವರ್ಷಗಳೇ.

ಮತ್ತೆ ಒಂದು ದಿನಾಂಕ ಕೊಡುತ್ತೇನೆ, ಇದಕ್ಕೆ ನಿಮ್ಮ ಉತ್ತರ ಬೇಕು. 1991ರ ಏಪ್ರಿಲ್ 5. ಯುದ್ಧ ಮುಗಿದಿತ್ತು. ಇರಾಕಿನ ದಕ್ಷಿಣದಲ್ಲಿ ಶಿಯಾಗಳು, ಉತ್ತರದಲ್ಲಿ ಕುರ್ದರು ದಂಗೆ ಎದ್ದಿದ್ದರು. ಸದ್ದಾಂನ ಹೆಲಿಕಾಪ್ಟರುಗಳು ಅವರನ್ನು ಬೇಟೆಯಾಡಿದವು. ಲಕ್ಷಾಂತರ ಕುರ್ದರು ಮಕ್ಕಳನ್ನು ಹೊತ್ತು ಹಿಮ ಬಿದ್ದ ಬೆಟ್ಟ ಹತ್ತಿ ಟರ್ಕಿ, ಇರಾನ್ ಗಡಿಗೆ ಓಡಿದರು. ಈ ದಬ್ಬಾಳಿಕೆ ನಿಲ್ಲಿಸು ಅನ್ನುವ 688ನೇ ಗೊತ್ತುವಳಿ ಭದ್ರತಾ ಮಂಡಳಿಯಲ್ಲಿ ಮತಕ್ಕೆ ಬಂತು. ಆ ವರ್ಷ ಭಾರತ ಮಂಡಳಿಯ ಸದಸ್ಯ. ನಾವು ಮತ ಹಾಕಲಿಲ್ಲ, ತಟಸ್ಥರಾಗಿ ಕೂತೆವು. ಆಗ ಯಾರನ್ನು ಕರೆತರಬೇಕಿತ್ತು ಮಾಷ್ಟ್ರೇ? ಎಲ್ಲರೂ ಬಂದಾಗಿತ್ತಲ್ಲ? ಪರದೇಶದ ಒಳವಿಷಯಕ್ಕೆ ಕೈ ಹಾಕಬಾರದು, ನಾಳೆ ಕಾಶ್ಮೀರದ ಬಗ್ಗೆಯೂ ಹೀಗೇ ಬಂದರೆ ಅನ್ನುವ ಅಳುಕು. ಕೂಲಿಗಳ ಹೆಸರು ಹೇಳಿ ಶುರುವಾದ ಮೌನ ಕೂಲಿಗಳೆಲ್ಲ ಮನೆ ಸೇರಿದ ಮೇಲೂ ಮುಂದುವರಿಯಿತು.

ನನ್ನ ಕಸುಬಿಗೆ ಹತ್ತಿರದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯ ಹಿರಿಯರಿಗೆ 'ಕುವೈತ್ ಪರಿಹಾರ' ಅಂದರೆ ಗೊತ್ತು. ಅರ್ಜಿ ತುಂಬಿಸಿ, ಪಾಸ್‌ಪೋರ್ಟಿನ ಪ್ರತಿ ಇಟ್ಟು, ವರ್ಷಗಟ್ಟಲೆ ಕಾದು, ಒಂದು ದಿನ ಬ್ಯಾಂಕಿಗೆ ಹಣ ಬಂದ ಮನೆಗಳು ಇಲ್ಲಿ ಎಷ್ಟಿಲ್ಲ? ಓಡಿಬರಬೇಕಾದ ಒಬ್ಬ ಮನುಷ್ಯನಿಗೆ 2,500 ಅಥವಾ 4,000 ಡಾಲರ್, ಕುಟುಂಬಕ್ಕೆ 5,000 ಅಥವಾ 8,000. ಉಪ್ಪಳದಲ್ಲೋ ಬದಿಯಡ್ಕದಲ್ಲೋ ಆಗ ಅದು ಸಣ್ಣ ಮೊತ್ತವಲ್ಲ. ಆ ಹಣ ಎಲ್ಲಿಂದ ಬಂತು? 1991ರ ಏಪ್ರಿಲಿನ 687ನೇ ಗೊತ್ತುವಳಿ ಒಂದು ಮಾತು ಸ್ಪಷ್ಟ ಮಾಡಿತು: ಇರಾಕ್ ಮಾಡಿದ್ದು ಕಾನೂನುಬಾಹಿರ ಆಕ್ರಮಣ, ಅದರಿಂದ ವಿದೇಶೀಯರಿಗೆ ಆದ ನಷ್ಟಕ್ಕೆ ಇರಾಕೇ ಹೊಣೆ. ಜಿನೀವಾದಲ್ಲಿ ಪರಿಹಾರ ಆಯೋಗ ಕೂತಿತು. ಒಟ್ಟು 5,240 ಕೋಟಿ ಡಾಲರ್ ಕೊಡಿಸಿತು. ಕೊನೆಯ ಕಂತು ಸಂದದ್ದು 2022ರ ಜನವರಿಯಲ್ಲಿ. ನಮ್ಮ ಊರಿನ ಡ್ರೈವರಿಗೆ ಹಣ ಸಿಕ್ಕಿದ್ದು, ಆಕ್ರಮಣವನ್ನು ಆಕ್ರಮಣ ಅಂತ ಬಾಯಿಬಿಟ್ಟು ಹೇಳಿದವರಿಂದ. ಹೇಳದೆ ಇದ್ದವರಿಂದ ಅಲ್ಲ. 687ಕ್ಕೆ ಭಾರತವೂ ಕೈ ಎತ್ತಿತು, ಅದನ್ನು ಒಪ್ಪುತ್ತೇನೆ. ಎಂಟು ತಿಂಗಳು ಬೇಕಾಯಿತು.

ಇಲ್ಲೊಂದು ಮುಳ್ಳೂ ಇದೆ, ಮುಚ್ಚಿಡುವುದಿಲ್ಲ. ಆ ಡಾಲರ್ ಸದ್ದಾಂನ ಜೇಬಿನಿಂದ ಬರಲಿಲ್ಲ, ಇರಾಕಿನ ಎಣ್ಣೆಯಿಂದ ಬಂತು. ದಿಗ್ಬಂಧನದಲ್ಲಿ ಔಷಧಿಗೂ ಪರದಾಡಿದ ಜನರ ಎಣ್ಣೆ ಅದು. ಅವನನ್ನು ಯಾರೂ ಮೊದಲೇ ತಡೆಯದೆ ಇದ್ದದ್ದಕ್ಕೆ ಅವನ ಜನವೇ ಮೂವತ್ತು ವರ್ಷ ಕಂತು ಕಟ್ಟಿದರು.

ನಮ್ಮ ದೇಶವೂ ಕಟ್ಟಿತು. 1990ರ ಬೇಸಿಗೆಯಲ್ಲಿ 20 ಡಾಲರಿಗಿಂತ ಕಡಿಮೆಯಿದ್ದ ಒಂದು ಪೀಪಾಯಿ ಎಣ್ಣೆ ಅಕ್ಟೋಬರಿಗೆ 40 ಮುಟ್ಟಿತು. ಗಲ್ಫ್‌ನಿಂದ ಬರುವ ಹಣ ಸೊರಗಿತು. ಸಾಲ ಮೊದಲೇ ಬೆಳೆದಿತ್ತು, ಇದು ಕೊನೆಯ ಏಟು. 1991ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ವಿದೇಶದಲ್ಲಿ ಅಡವಿಡಬೇಕಾಯಿತು. ಎಲ್ಲೋ ಒಬ್ಬ ಪಕ್ಕದ ದೇಶ ನುಂಗಿದರೆ ನಮಗೇನು ಅನ್ನುವ ಲೆಕ್ಕ ಎಷ್ಟು ತುಟ್ಟಿ ನೋಡಿ.

ಈಗ ಅಲ್ಲಿ 10 ಲಕ್ಷ ಜನ ಇದ್ದಾರೆ, ಹಾಗಾಗಿ ಕುವೈತ್ ಮುನಿಸಿಕೊಂಡಿಲ್ಲ ಅಂತ ನಿಮ್ಮ ವಾದ. ಕುವೈತ್‌ಗೆ ಕೆಲಸಗಾರರು ಬೇಕಿತ್ತು, ಅಷ್ಟೇ. ಇಂದಿರಾ ಗಾಂಧಿ 1981ರಲ್ಲಿ ಹೋದ ಮೇಲೆ ಭಾರತದ ಪ್ರಧಾನಿ ಕುವೈತ್‌ಗೆ ಮತ್ತೆ ಹೋದದ್ದು 2024ರ ಡಿಸೆಂಬರಿನಲ್ಲಿ. ಆ 43 ವರ್ಷಕ್ಕೆ ಒಂದು ಫೋಟೋವೇ ಕಾರಣ ಅನ್ನಲಾರೆ, ಆದರೆ ಎಲ್ಲ ಸರಿಯಿತ್ತು ಅಂತ ನೀವೂ ಅನ್ನಬೇಡಿ.

ಉಕ್ರೇನ್ ವಿಷಯದಲ್ಲೂ ಇದೇ ಹಾಡು. 2022ರ ಫೆಬ್ರವರಿ 24ರಂದು ಪುಟಿನ್ ಸೈನ್ಯ ನುಗ್ಗಿತು. ಭದ್ರತಾ ಮಂಡಳಿಯಲ್ಲಿ ನಾವು ತಟಸ್ಥ, ಮಹಾಸಭೆಯಲ್ಲೂ ತಟಸ್ಥ. ವಿದ್ಯಾರ್ಥಿಗಳನ್ನು ಕರೆತರಬೇಕಲ್ಲ ಅಂತ ಎಲ್ಲರೂ ಅಂದರು. ಸಾವಿರಾರು ಮಕ್ಕಳು ಬಂದರು, ಸಂತೋಷ. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಯಲ್ಲಿ ತೀರಿಕೊಂಡ. ನಮ್ಮ ತಟಸ್ಥ ಮತ ಅವನನ್ನು ಉಳಿಸಲಿಲ್ಲ. ಆಮೇಲೆ ಕೆಲಸ ಕೊಡಿಸುತ್ತೇವೆ ಅಂದ ಏಜೆಂಟರನ್ನು ನಂಬಿ ರಷ್ಯಾಕ್ಕೆ ಹೋದ ಹುಡುಗರು ಬಂದೂಕು ಹಿಡಿದು ಯುದ್ಧದ ಮುಂಚೂಣಿಯಲ್ಲಿ ನಿಂತರು. ಕೇರಳದವರೂ ಸತ್ತರು. ಗಲ್ಫ್ ವೀಸಾಕ್ಕೆ ಚಿನ್ನ ಅಡವಿಟ್ಟವರ ಮೊಮ್ಮಕ್ಕಳ ವಯಸ್ಸು ಅವರದ್ದು. ಅವರನ್ನು ವಾಪಸ್ ಕೊಡಿ ಅಂತ ದೆಹಲಿ ಮಾಸ್ಕೋವನ್ನು ಮತ್ತೆ ಮತ್ತೆ ಕೇಳಬೇಕಾಯಿತು. ಸ್ನೇಹ ಅಷ್ಟು ಗಟ್ಟಿಯಿದ್ದರೆ ಒಂದು ಮಾತಿಗೇ ಆಗಬೇಕಿತ್ತಲ್ವಾ?

ಗುಜ್ರಾಲ್ ಬಾಗ್ದಾದ್‌ಗೆ ಹೋಗಬಾರದಿತ್ತು ಅಂತ ನಾನು ಹೇಳುತ್ತಿಲ್ಲ. ಹೋಗಲೇಬೇಕಿತ್ತು. ಕೂತು ಮಾತಾಡಿ ನಮ್ಮವರಿಗೆ ದಾರಿ ಕೇಳಬೇಕಿತ್ತು. ದೆಹಲಿಗೆ ಬಂದ ಮೇಲೆ, ಇದು ಆಕ್ರಮಣ, ಸೈನ್ಯ ವಾಪಸ್ ಹೋಗಬೇಕು, ಕುವೈತ್‌ನ ಸರಕಾರ ಕುವೈತಿಗಳದ್ದೇ ಅಂತ ಗಟ್ಟಿಯಾಗಿ ಹೇಳಬೇಕಿತ್ತು. ಕಚೇರಿಗೆ ಬೀಗ ಹಾಕದೆ ಒಬ್ಬ ಗುಮಾಸ್ತನನ್ನಾದರೂ ಅಲ್ಲೇ ಕೂರಿಸಬೇಕಿತ್ತು. ಏಪ್ರಿಲಿನಲ್ಲಿ ಕುರ್ದರ ಪರ ಕೈ ಎತ್ತಬೇಕಿತ್ತು. ಇಷ್ಟಕ್ಕೆ ಸದ್ದಾಂ ನಮ್ಮ ಬಸ್ಸುಗಳನ್ನು ನಿಲ್ಲಿಸುತ್ತಿದ್ದನೇ? ತನ್ನ ಮೇಲೆ ಸೈನ್ಯ ಕಳುಹಿಸಿದ ಈಜಿಪ್ಟಿನವರ ಬಸ್ಸುಗಳನ್ನೇ ಅವನು ನಿಲ್ಲಿಸಲಿಲ್ಲ.